ರೇಸ್ ಮೊದಲು, ಊರು ಸುತ್ತೋದು ಆಮೇಲೆ

ಪ್ರಶ್ನೆ: ಸರ್, ನಾನು ಚಿಕ್ಕಬಳ್ಳಾಪುರದವಳು, ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಟೀಚರ್. ವಯಸ್ಸು 36. ಮೂರು ವರ್ಷದಿಂದ ಬೆಳಗ್ಗೆ ಓಡುತ್ತಿದ್ದೇನೆ. 10 ಕಿ.ಮೀ. ಮುಗಿಸಲು 65 ನಿಮಿಷ ಹಿಡಿಯುತ್ತದೆ. ಜಿಮ್‌ಗೂ ಹೋಗುತ್ತೇನೆ. ಒಂದು ಸಲವಾದರೂ ಹೈರಾಕ್ಸ್ (ಎಂಟು ಕಿಲೋಮೀಟರ್ ಓಟ, ನಡುನಡುವೆ ಎಂಟು ಕಸರತ್ತು ಇರುವ ರೇಸ್) ಮಾಡಬೇಕು, ಅದೂ ಹೊರದೇಶದಲ್ಲಿ ಅಂತ ಆಸೆ. ಚೀಟಿ ದುಡ್ಡು ಮೂರು ಲಕ್ಷ ಬರುವುದಿದೆ. ಯಜಮಾನರು, ಅತ್ತೆ ಇಬ್ಬರೂ ಬರುತ್ತಾರೆ. ಅತ್ತೆ ಇದುವರೆಗೆ ವಿಮಾನ ಹತ್ತಿಲ್ಲ, ಮೊಟ್ಟೆ ಕೂಡ ಮುಟ್ಟುವುದಿಲ್ಲ. ಸಿಂಗಾಪುರ, ಬ್ಯಾಂಕಾಕ್, ದುಬೈ ಈ ಮೂರರಲ್ಲಿ ಯಾವುದು ವಾಸಿ? ಏಜೆಂಟ್ ಒಬ್ಬರು ಆರು ದಿನದ ಪ್ಲ್ಯಾನ್ ಕೊಟ್ಟಿದ್ದಾರೆ. ನಾಲ್ಕು ದಿನ ಊರು ನೋಡುವುದು, ಐದನೇ ದಿನ ರೇಸ್, ಅವತ್ತೇ ರಾತ್ರಿ ವಿಮಾನ. ಇದು ಸರಿಯಾ? ನಮ್ಮೂರ ಜಿಮ್‌ನಲ್ಲಿ ಸ್ಲೆಡ್ (ತೂಕ ಹೇರಿ ನೆಲದ ಮೇಲೆ ತಳ್ಳುವ, ಎಳೆಯುವ ಚೌಕಟ್ಟು) ಇಲ್ಲ. ಯಜಮಾನರ ಜೊತೆ ಡಬಲ್ಸ್ ಮಾಡಿದರೆ ಸುಲಭವಾಗುತ್ತದಾ?

ಉತ್ತರ: ಟೀಚರ್, ಆ ಪ್ಲ್ಯಾನ್‌ನಲ್ಲಿರುವ ಜಾಗಗಳೆಲ್ಲ ಚೆನ್ನಾಗಿವೆ. ಕ್ರಮ ಮಾತ್ರ ತಲೆಕೆಳಗು. ಏಜೆಂಟರ ಲೆಕ್ಕದಲ್ಲಿ ರೇಸ್ ಅಂದರೆ ಪಕ್ಷಿಧಾಮದ ಥರ ಇನ್ನೊಂದು ನೋಡುವ ಜಾಗ. ಎಲ್ಲಿ ಖಾಲಿ ಇದೆಯೋ ಅಲ್ಲಿ ತುರುಕಿದ್ದಾರೆ.

ನಾನೂ ಇದೇ ತಪ್ಪು ಮಾಡಿದವನು. ತುಮಕೂರಿನಲ್ಲಿ ಹದಿನಾಲ್ಕು ವರ್ಷದಿಂದ ಟ್ರೇನಿಂಗ್ ಕೊಡುತ್ತಿದ್ದೇನೆ, ಬೇರೆಯವರಿಗೆ ಬುದ್ಧಿ ಹೇಳುವುದೇ ನನ್ನ ಕಸುಬು. ಆದರೂ ಮೊದಲ ಸಲ ಹೊರದೇಶಕ್ಕೆ ರೇಸ್‌ಗೆ ಹೋದಾಗ ಮೂರು ದಿನ ಸಿಕ್ಕಾಪಟ್ಟೆ ಸುತ್ತಿದೆ. ಫೋನ್ ನೋಡಿದರೆ ದಿನಕ್ಕೆ ಇಪ್ಪತ್ತು ಸಾವಿರ ಹೆಜ್ಜೆ. ಹೊಸ ಊರಿನ ಹುರುಪಿನಲ್ಲಿ ಸುಸ್ತು ಗೊತ್ತಾಗುವುದಿಲ್ಲ. ರೇಸ್ ದಿನ ಎರಡನೇ ಸ್ಟೇಷನ್‌ಗೇ, ಅಂದರೆ ಎರಡನೇ ಕಸರತ್ತಿಗೇ ಗೊತ್ತಾಯಿತು. ಸ್ಲೆಡ್ ಮೇಲೆ ಕೈ ಇಟ್ಟು ತಳ್ಳುತ್ತೇನೆ, ಅದು ಕದಲುತ್ತಿಲ್ಲ. ಪಕ್ಕದ ಲೇನಿನಲ್ಲಿ ನನ್ನ ಅಮ್ಮನ ವಯಸ್ಸಿನ ಒಬ್ಬರು ಸರಾಗವಾಗಿ ತಳ್ಳಿಕೊಂಡು ಹೋದರು.

ಹಾಗಾಗಿ ಆರು ದಿನವನ್ನು ಹೀಗೆ ತಿರುಗಿಸಿ. ಮೊದಲ ದಿನ ಇಳಿಯುವುದು, ಊಟ, ನಿದ್ದೆ. ಎರಡನೇ ದಿನ ಇಪ್ಪತ್ತು ನಿಮಿಷ ನಿಧಾನದ ಓಟ, ಹಾಲ್ ಎಲ್ಲಿದೆ ಅಂತ ಒಮ್ಮೆ ಹೋಗಿ ನೋಡಿ ಬರುವುದು, ಉಳಿದ ಹೊತ್ತು ಕಾಲು ಚಾಚಿ ಕೂರುವುದು. ಬೇಕಾದರೆ ಅವತ್ತು ಯಜಮಾನರು ಅವರ ಅಮ್ಮನನ್ನು ಸುತ್ತಾಡಿಸಲಿ, ನೀವು ಮಾತ್ರ ಹೋಗಬೇಡಿ. ಮೂರನೇ ದಿನ ರೇಸ್. ಆಮೇಲೆ ಉಳಿದ ದಿನವೆಲ್ಲ ಊರು ನಿಮ್ಮದೇ. ಇಷ್ಟು ಹೇಳಿದರೆ ಏಜೆಂಟ್ "ಟಿಕೆಟ್ ರೇಟ್ ಜಾಸ್ತಿ ಆಗುತ್ತೆ ಮೇಡಂ" ಅನ್ನಬಹುದು. ರೇಸ್ ದಿನ ಬದಲಾಗದು, ಹೊರಡುವುದು ಮತ್ತು ವಾಪಸ್ ಬರುವುದು ಎರಡೂ ಎರಡು ದಿನ ಮುಂದಕ್ಕೆ ಹೋಗುತ್ತವೆ ಅಷ್ಟೇ, ಜಾಸ್ತಿ ಆಗಲು ಕಾರಣ ಕಮ್ಮಿ. ಕೇಳಿ ನೋಡಿ.

ರೇಸ್ ಮುಗಿಸಿದ ರಾತ್ರಿಯೇ ವಿಮಾನ ಹತ್ತುವುದು ಬೇಡ ಅನ್ನಲು ಇನ್ನೊಂದು ಕಾರಣವಿದೆ. ಹೈರಾಕ್ಸ್ ಸಾಮಾನ್ಯವಾಗಿ ವಾರಾಂತ್ಯದಲ್ಲಿ ಎರಡು ಮೂರು ದಿನ ನಡೆಯುತ್ತದೆ. ಎಲ್ಲರನ್ನೂ ಒಟ್ಟಿಗೆ ಓಡಿಸುವುದಿಲ್ಲ. ಕೆಲವು ನಿಮಿಷಕ್ಕೊಂದು ಗುಂಪು ಬಿಡುತ್ತಾರೆ. ನಿಮ್ಮ ಗುಂಪು ಬೆಳಗ್ಗೆ ಎಂಟಕ್ಕೋ ಸಂಜೆ ಐದಕ್ಕೋ ಅನ್ನುವುದು ರೇಸ್‌ಗೆ ಕೆಲವೇ ದಿನ ಮುಂಚೆ ತಿಳಿಯುತ್ತದೆ. ವಿಮಾನದ ಟಿಕೆಟ್ ತಗೊಳ್ಳುವ ಹೊತ್ತಿಗೆ ಅದು ಗೊತ್ತಿರುವುದಿಲ್ಲ. ಸಂಜೆಯ ಗುಂಪು ಬಂದರೆ ಮೆಡಲ್ ಹಾಕಿಕೊಂಡೇ ಏರ್‌ಪೋರ್ಟ್‌ಗೆ ಓಡಬೇಕಾಗುತ್ತದೆ, ಅದು ಒಂಬತ್ತನೇ ಕಿಲೋಮೀಟರ್.

ಈ ರೇಸ್ ಗೊತ್ತಿಲ್ಲದ ಓದುಗರಿಗೆ ಎರಡು ಮಾತು. 2017ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಹುಟ್ಟಿದ ಆಟ ಇದು. ಶುರು ಮಾಡಿದ ಇಬ್ಬರಲ್ಲಿ ಒಬ್ಬರು ಮೊರಿಟ್ಸ್ ಫ್ಯೂರ್ಸ್ಟೆ, 2008 ಮತ್ತು 2012ರ ಒಲಿಂಪಿಕ್ಸ್‌ನಲ್ಲಿ ಹಾಕಿ ಚಿನ್ನ ಗೆದ್ದ ತಂಡದವರು. ದೊಡ್ಡ ಎಕ್ಸಿಬಿಷನ್ ಹಾಲ್‌ನೊಳಗೆ 1 ಕಿ.ಮೀ. ಓಡಬೇಕು, ಒಂದು ಕಸರತ್ತು ಮಾಡಬೇಕು, ಮತ್ತೆ 1 ಕಿ.ಮೀ., ಮತ್ತೊಂದು ಕಸರತ್ತು. ಹೀಗೆ ಎಂಟು ಸಲ. ಕಸರತ್ತುಗಳ ಕ್ರಮ ಎಲ್ಲ ದೇಶದಲ್ಲೂ ಒಂದೇ. ಸ್ಕೀ ಅರ್ಗ್ ಎಂಬ ಹಗ್ಗ ಎಳೆಯುವ ಮೆಷಿನ್‌ನಲ್ಲಿ 1000 ಮೀಟರ್, ಸ್ಲೆಡ್ ತಳ್ಳುವುದು 50 ಮೀಟರ್, ಸ್ಲೆಡ್ ಎಳೆಯುವುದು 50 ಮೀಟರ್, ಬರ್ಪಿ (ನೆಲಕ್ಕೆ ಎದೆ ತಾಗಿಸಿ ಏಳುವುದು) ಹಾಕಿ ಮುಂದಕ್ಕೆ ನೆಗೆಯುತ್ತಾ 80 ಮೀಟರ್, ರೋಯಿಂಗ್ 1000 ಮೀಟರ್, ಎರಡೂ ಕೈಯಲ್ಲಿ ತೂಕ ಹಿಡಿದು 200 ಮೀಟರ್ ನಡೆಯುವುದು, ಮರಳು ಚೀಲ ಹೊತ್ತು 100 ಮೀಟರ್ ಲಂಜಸ್ (ಒಂದು ಕಾಲು ಮುಂದಿಟ್ಟು ಮಂಡಿ ಬಗ್ಗಿಸುತ್ತಾ ನಡೆಯುವುದು), ಕೊನೆಗೆ 100 ವಾಲ್ ಬಾಲ್ (ಭಾರದ ಚೆಂಡು ಹಿಡಿದು ಕುಕ್ಕರಿಸಿ ಎದ್ದು ಮೇಲಿನ ಗುರಿಗೆ ಎಸೆಯುವುದು). ಬಹಳ ಜನ ಒಂದೂವರೆ ಗಂಟೆಯ ಆಸುಪಾಸಿನಲ್ಲಿ ಮುಗಿಸುತ್ತಾರೆ.

ಊರು ಆರಿಸುವ ಮೊದಲು ಒಂದು ಕಹಿ ಮಾತು. ಬರೀ ರೇಸ್ ಬೇಕು ಅಂತಿದ್ದರೆ ಮೂರು ಲಕ್ಷ ಖರ್ಚು ಮಾಡುವ ಅಗತ್ಯವಿಲ್ಲ. 2025ರ ಮೇ ತಿಂಗಳಲ್ಲಿ ಮುಂಬೈಗೆ ಹೈರಾಕ್ಸ್ ಬಂತು, ಜುಲೈನಲ್ಲಿ ದೆಹಲಿಗೆ. ಅಲ್ಲೂ ತೂಕ ಅದೇ, ದೂರ ಅದೇ. ಆದರೆ ಅತ್ತೆಯವರನ್ನು ಒಮ್ಮೆ ಹೊರದೇಶ ತೋರಿಸಬೇಕು ಅನ್ನುವ ಆಸೆಯೂ ನಿಮ್ಮ ಪತ್ರದಲ್ಲಿ ಕಾಣುತ್ತಿದೆ. ಹಾಗಿದ್ದರೆ ಸರಿ. ಇದು ಮನೆಯವರ ಪ್ರವಾಸ, ಅದರೊಳಗೆ ನಿಮ್ಮ ಒಂದು ದಿನ ಅಂತ ಇಟ್ಟುಕೊಳ್ಳಿ.

ದುಬೈ ಬಿಡಿ. ನಿಮಗೆ ರಜೆ ಸಿಗುವುದು ದಸರೆಗೆ, ಇಲ್ಲವೇ ಏಪ್ರಿಲ್-ಮೇನಲ್ಲಿ. ಮೇ ಬಿಸಿಲಿಗೆ ಅಲ್ಲಿ ಹಾಲ್ ಒಳಗೆ ತಂಪು, ಹೊರಗೆ ಬಾಣಲೆ. ನಮ್ಮ ಕಡೆಯವರಿಗೆ ಹೆಸರಿನ ತಕರಾರೂ ಇದೆ. ನಮ್ಮಲ್ಲಿ ಬಹಳ ಜನಕ್ಕೆ ಮನೆತನದ ಹೆಸರೇ ಇರುವುದಿಲ್ಲ, ಹಳೆಯ ಪಾಸ್‌ಪೋರ್ಟ್‌ಗಳಲ್ಲಿ ಒಂದೇ ಹೆಸರು ಇರುತ್ತದೆ. ಅಂಥ ಪಾಸ್‌ಪೋರ್ಟ್‌ಗೆ ಪ್ರವಾಸಿ ವೀಸಾ ಇಲ್ಲ ಅಂತ 2022ರ ನವೆಂಬರ್‌ನಲ್ಲಿ ದುಬೈ ಇರುವ ಯುಎಇ ದೇಶದವರು ನಿಯಮ ತಂದರು. ಒಳಗೆ ತಂದೆಯ ಹೆಸರೋ ಮನೆತನದ ಹೆಸರೋ ಇದ್ದರೆ ಸಾಕು ಅಂತ ಆಮೇಲೆ ಸ್ವಲ್ಪ ಸಡಿಲಿಸಿದರು. ಯಾವ ದೇಶಕ್ಕೇ ಹೋಗಿ, ಪಾಸ್‌ಪೋರ್ಟ್ ಮಾಡಿಸುವಾಗ ಇನಿಷಿಯಲ್ ಬಿಡಿಸಿ ಪೂರ್ತಿ ಹೆಸರು ಬರೆಸಿ. ವಿಮಾನದ ಟಿಕೆಟ್, ರೇಸ್ ಟಿಕೆಟ್ ಎರಡರಲ್ಲೂ ಅದೇ ಹೆಸರು ಇರಲಿ. ರೇಸ್‌ಗೆ ಚೆಕ್-ಇನ್ ಮಾಡುವಾಗ ಗುರುತಿನ ಚೀಟಿ ನೋಡುತ್ತಾರೆ.

ಉಳಿದದ್ದು ಸಿಂಗಾಪುರ, ಬ್ಯಾಂಕಾಕ್. ಇಲ್ಲಿ ನಿಜವಾದ ವ್ಯತ್ಯಾಸ ವೀಸಾದ್ದು. ಥಾಯ್ಲೆಂಡ್ ಈಚಿನ ವರ್ಷಗಳಲ್ಲಿ ಭಾರತೀಯರನ್ನು ವೀಸಾ ಇಲ್ಲದೆ ಬಿಡುತ್ತಿದೆ. 2025ರ ಮೇ 1ರಿಂದ ಆನ್‌ಲೈನ್ ಅರೈವಲ್ ಕಾರ್ಡ್ ತುಂಬಬೇಕು, ಅಷ್ಟೇ. ಆ ಸೌಲಭ್ಯ ಹಿಂದೆ ಹಲವು ಸಲ ಬದಲಾಗಿದೆ, ಬುಕ್ ಮಾಡುವ ದಿನ ಮತ್ತೆ ನೋಡಿಕೊಳ್ಳಿ. ಸಿಂಗಾಪುರಕ್ಕೆ ವೀಸಾ ಬೇಕೇ ಬೇಕು, ಅದನ್ನು ಅಧಿಕೃತ ಏಜೆಂಟರ ಮೂಲಕ ಹಾಕಬೇಕು. ಕಷ್ಟದ್ದೇನಲ್ಲ, ಸಾಮಾನ್ಯವಾಗಿ ಒಂದು ವಾರದೊಳಗೆ ಕೈಗೆ ಬರುತ್ತದೆ. ತೊಡಕು ಸಮಯದ್ದು. ಹೋಗುವ ದಿನಕ್ಕೆ 30 ದಿನ ಇರುವಾಗಲಷ್ಟೇ ಅರ್ಜಿ ತಗೊಳ್ಳುತ್ತಾರೆ. ರೇಸ್ ಟಿಕೆಟ್ ಆದರೋ ಆರೇಳು ತಿಂಗಳು ಮುಂಚೆಯೇ ಮಾರಾಟಕ್ಕೆ ಬಂದು ಖಾಲಿಯಾಗುತ್ತದೆ, ದುಡ್ಡು ವಾಪಸ್ ಇಲ್ಲ. ಅಂದರೆ ರೇಸ್‌ಗೂ ವಿಮಾನಕ್ಕೂ ದುಡ್ಡು ಕಟ್ಟಿದ ಮೇಲೆ, ಕೊನೇ ತಿಂಗಳಲ್ಲಿ ವೀಸಾ ಕೇಳಬೇಕು. ಈ ನಡುವಿನ ಅವಧಿಯನ್ನು ದಾಟಲು ಇರುವ ಉಪಾಯ ಇಷ್ಟೇ: ಹೋಟೆಲ್ ಕ್ಯಾನ್ಸಲ್ ಮಾಡಿದರೆ ದುಡ್ಡು ಬರುವಂಥದ್ದನ್ನೇ ಹಿಡಿಯಿರಿ, ವಿಮಾನದ ಟಿಕೆಟ್ ದಿನ ಬದಲಿಸಲು ಬರುವಂಥದ್ದು ತಗೊಳ್ಳಿ, ರೇಸ್ ಟಿಕೆಟ್ ಬೇರೆಯವರ ಹೆಸರಿಗೆ ವರ್ಗಾಯಿಸಲು ಬರುತ್ತದಾ ಅಂತ ದುಡ್ಡು ಕಟ್ಟುವ ಮುಂಚೆಯೇ ಓದಿ.

ಇಷ್ಟು ತೊಡಕಿದ್ದರೂ ನಿಮಗೆ ನಾನು ಸಿಂಗಾಪುರವನ್ನೇ ಹೇಳುತ್ತೇನೆ, ಅತ್ತೆಯವರ ಊಟಕ್ಕಾಗಿ. ಸೆರಂಗೂನ್ ರಸ್ತೆಯ ಲಿಟಲ್ ಇಂಡಿಯಾದಲ್ಲಿ ಬೆಳಗ್ಗೆ ಇಡ್ಲಿ, ಮಧ್ಯಾಹ್ನ ಬಾಳೆ ಎಲೆ ಊಟ ಸಿಗುತ್ತದೆ. ಅಲ್ಲಿನ ಕೋಮಲ ವಿಲಾಸ್ 1947ರಿಂದ ಸಸ್ಯಾಹಾರಿ ಹೋಟೆಲ್. ಬ್ಯಾಂಕಾಕ್‌ನಲ್ಲೂ ಸಸ್ಯಾಹಾರ ಇದೆ, ಆದರೆ ಪ್ರತಿ ತಟ್ಟೆಗೂ ಮೀನಿನ ಸಾಸ್ ಹಾಕಿದ್ದೀರಾ ಅಂತ ಕೇಳಬೇಕು. ದಿನಕ್ಕೆ ಮೂರು ಸಲ ಆ ವಿಚಾರಣೆ ಮಾಡುತ್ತಾ ರೇಸ್ ಕಡೆ ಮನಸ್ಸು ಇಡಲು ಆಗುವುದಿಲ್ಲ. ನೀವು, ಯಜಮಾನರು ಇಬ್ಬರೇ ಹೋಗುವುದಾಗಿದ್ದರೆ ಬ್ಯಾಂಕಾಕ್ ಅನ್ನುತ್ತಿದ್ದೆ.

ಸಿಂಗಾಪುರದಲ್ಲಿ ಹಾಲ್ ಯಾವುದು ಅಂತ ನೋಡಿ ಹೋಟೆಲ್ ಹಿಡಿಯಿರಿ. ಹಿಂದೆ ಎಕ್ಸ್‌ಪೋ ಹಾಲ್‌ನಲ್ಲೂ ನಡೆಸಿದ್ದಾರೆ, ನ್ಯಾಷನಲ್ ಸ್ಟೇಡಿಯಂನಲ್ಲೂ ನಡೆಸಿದ್ದಾರೆ. ಎಕ್ಸ್‌ಪೋ ಚಾಂಗಿ ಏರ್‌ಪೋರ್ಟ್‌ನಿಂದ ಮೆಟ್ರೋದಲ್ಲಿ ಒಂದೇ ಸ್ಟಾಪ್, ಪೂರ್ತಿ ಎಸಿ. ನ್ಯಾಷನಲ್ ಸ್ಟೇಡಿಯಂಗೆ ಮಾಡು ಇದ್ದರೂ ಆ ಊರಿನ ಸೆಕೆ ಒಳಗೂ ಬರುತ್ತದೆ. ಒಳಾಂಗಣದ ರೇಸ್ ಅಂದ ಮಾತ್ರಕ್ಕೆ ತಂಪು ಅಂದುಕೊಳ್ಳಬೇಡಿ. ಚಿಕ್ಕಬಳ್ಳಾಪುರದಲ್ಲಿ ಬೆಳಗ್ಗೆ ಐದಕ್ಕೆ ನಂದಿ ಕಡೆಯಿಂದ ಬರುವ ಗಾಳಿಗೆ ಓಡಿ ಅಭ್ಯಾಸ ಆದವರಿಗೆ ಆ ಸೆಕೆ ದೊಡ್ಡ ಪೆಟ್ಟು. ಸ್ಟೇಡಿಯಂ ಅಂತಾದರೆ ಹೋಗುವ ಮುಂಚಿನ ಎರಡು ವಾರ ನಾಲ್ಕಾರು ಓಟವನ್ನು ಬಿಸಿಲು ಏರಿದ ಮೇಲೆ ಮಾಡಿ. ನಿಧಾನವಾಗಿ, ನೀರು ಜೊತೆಗಿಟ್ಟುಕೊಂಡು.

ಗಡಿಯಾರದ ವಿಷಯವೂ ಇದೆ. ಸಿಂಗಾಪುರ ನಮಗಿಂತ ಎರಡೂವರೆ ಗಂಟೆ ಮುಂದೆ. ಅಲ್ಲಿ ಬೆಳಗ್ಗೆ ಎಂಟರ ಗುಂಪು ಬಂದರೆ ನಿಮ್ಮ ಮೈಗೆ ಅದು ಐದೂವರೆ. ಅದಕ್ಕೂ ಎರಡೂವರೆ ಗಂಟೆ ಮುಂಚೆ ತಿಂಡಿ ತಿನ್ನಬೇಕು ಅಂದರೆ ಮೈ ಲೆಕ್ಕದಲ್ಲಿ ಮೂರು ಗಂಟೆ ರಾತ್ರಿ. ಹೋಟೆಲ್‌ನವರ ಬುಫೆ ಆಗ ತೆರೆದಿರುವುದಿಲ್ಲ. ರೂಮ್‌ನಲ್ಲಿ ನೀರು ಕಾಯಿಸುವ ಕೆಟಲ್ ಇದೆಯಾ ನೋಡಿ ಬುಕ್ ಮಾಡಿ, ಮನೆಯಿಂದ ಅವಲಕ್ಕಿ, ಹುರಿಹಿಟ್ಟು ಒಯ್ಯಿರಿ. ಇಲ್ಲಿ ಉದ್ದದ ಓಟದ ದಿನ ಏನು ತಿಂದು ಹೋಗುತ್ತೀರೋ ಅಲ್ಲೂ ಅದೇ. ಮುದ್ದೆ ಮಾತ್ರ ರೇಸ್ ಆದ ಮೇಲೆ ಇಟ್ಟುಕೊಳ್ಳಿ, ಹೊಟ್ಟೆಯಲ್ಲಿ ಮುದ್ದೆ ಕೂತಿರುವಾಗ ಬರ್ಪಿ ಹಾಕಲು ಆಗದು.

ಈಗ ಡಬಲ್ಸ್ ಮಾತು. ಯಜಮಾನರು ಓಡುತ್ತಾರಾ? ಪತ್ರದಲ್ಲಿ ಹೇಳಿಲ್ಲ. ಡಬಲ್ಸ್‌ನಲ್ಲಿ ಕಸರತ್ತನ್ನು ಹಂಚಿಕೊಳ್ಳಬಹುದು, ಓಟವನ್ನಲ್ಲ. ಎಂಟೂ ಕಿಲೋಮೀಟರ್ ಇಬ್ಬರೂ ಜೊತೆಯಲ್ಲೇ ಓಡಬೇಕು. ಅವರು ಓಡದಿದ್ದರೆ ನೀವು ಅವರಿಗಾಗಿ ಕಾಯುವುದೇ ಕೆಲಸ. ಅದೂ ಅಲ್ಲದೆ ಗಂಡು-ಹೆಣ್ಣು ಜೋಡಿಗೆ ಸ್ಲೆಡ್ ಗಂಡಸರ ಓಪನ್ (ಸಾಮಾನ್ಯ ವಿಭಾಗದ) ತೂಕದ್ದೇ: ತಳ್ಳಲು 152 ಕೆ.ಜಿ., ಎಳೆಯಲು 103. ನೀವೊಬ್ಬರೇ ಹೆಂಗಸರ ಓಪನ್‌ನಲ್ಲಿ ಇಳಿದರೆ ತಳ್ಳಲು 102, ಎಳೆಯಲು 78. ಕೈಯಲ್ಲಿ ಹಿಡಿಯುವುದು 16 ಕೆ.ಜಿ.ಯ ಎರಡು, ಮರಳು ಚೀಲ 10, ಬಾಲ್ 4 ಕೆ.ಜಿ. 10 ಕಿ.ಮೀ. 65 ನಿಮಿಷಕ್ಕೆ ಓಡುವವರಿಗೆ ಒಬ್ಬರೇ ಮಾಡುವುದೇ ವಾಸಿ ಅಂತ ನನ್ನ ಅನಿಸಿಕೆ. ಜೊತೆ ಬೇಕೇ ಬೇಕು ಅನ್ನುವುದಾದರೆ ಸ್ಕೂಲಿನ ಪಿಇ ಟೀಚರ್ ಯಾರಾದರೂ ಇದ್ದಾರಾ ನೋಡಿ, ಹೆಂಗಸರ ಡಬಲ್ಸ್ ಮಾಡಬಹುದು. ಯಜಮಾನರಿಗೆ ಪ್ರೇಕ್ಷಕರ ಟಿಕೆಟ್ ತಗೊಂಡು ಕೊಡಿ. ಬಹಳ ಕಡೆ ಅದನ್ನೂ ಬೇರೆಯಾಗಿ ಕೊಳ್ಳಬೇಕು. ಅತ್ತೆಯವರಿಗೂ ಒಂದು, ಜೊತೆಗೆ ಕಿವಿಗೆ ಹತ್ತಿ. ಮ್ಯೂಸಿಕ್ ಅಷ್ಟು ಜೋರು.

ಸ್ಲೆಡ್ ಇಲ್ಲದಿರುವುದು ಕೊರತೆ ಹೌದು, ಅಡ್ಡಿ ಅಲ್ಲ. ಟ್ರ್ಯಾಕ್ಟರ್‌ನ ಹಳೆ ಟಯರ್‌ಗೆ ಹಗ್ಗ ಕಟ್ಟಿ ಮಣ್ಣಿನ ಮೇಲೆ ಎಳೆಯಿರಿ, ಮುಂದಕ್ಕೆ ನಡೆಯುತ್ತಾ ಸ್ವಲ್ಪ, ನಿಂತಲ್ಲೇ ನಿಂತು ಕೈಯಿಂದ ಸ್ವಲ್ಪ. ತಳ್ಳಲು ಕೆಲವರು ಕಾರನ್ನು ನ್ಯೂಟ್ರಲ್‌ಗೆ ಹಾಕಿ ತಳ್ಳುತ್ತಾರೆ. ಅದು ಅಷ್ಟು ಹೋಲುವುದಿಲ್ಲ. ಚಕ್ರ ಒಮ್ಮೆ ಉರುಳಿದರೆ ಆಮೇಲೆ ಹಗುರ. ಸ್ಲೆಡ್ ಕಾರ್ಪೆಟ್ ಮೇಲೆ ಉಜ್ಜಿಕೊಂಡೇ ಹೋಗುವುದು, ಕೊನೆಯವರೆಗೂ ಹಗುರ ಆಗುವುದಿಲ್ಲ. ನಿಂತು ಮತ್ತೆ ಕದಲಿಸುವುದಕ್ಕೇ ಜಾಸ್ತಿ ಶಕ್ತಿ ಬೇಕು. ಲೇನ್ 12.5 ಮೀಟರ್, ಅದನ್ನು ನಾಲ್ಕು ಸಲ ದಾಟಬೇಕು. ಹಾಗಾಗಿ ಸಣ್ಣ ಸಣ್ಣ ಹೆಜ್ಜೆ, ತೋಳು ಬಾಗಿಸಿ ಎದೆ ಹತ್ತಿರಕ್ಕೆ ತಂದು, ಲೇನ್ ತುದಿ ಬರುವವರೆಗೆ ನಿಲ್ಲದೆ ಹೋಗುವುದು. ಕಾರ್ಪೆಟ್ ಒಂದೊಂದು ಊರಿನಲ್ಲಿ ಒಂದೊಂದು ಥರ ಹಿಡಿಯುತ್ತದೆ, ಅದಕ್ಕೇ ಅಡಿ ಸವೆದ ಶೂ ಹಾಕಬೇಡಿ.

ಉಳಿದದ್ದಕ್ಕೆ ನಮ್ಮ ಊರೇ ಜಿಮ್. ಹತ್ತು ಕೆ.ಜಿ. ರಾಗಿ ಚೀಲ ಹೆಗಲ ಮೇಲೆ ಹಾಕಿಕೊಂಡು ಟೆರೇಸ್ ಮೇಲೆ ಲಂಜಸ್ ಹೋಗಿ, ಹಿಂದಿನ ಮಂಡಿ ಪ್ರತಿ ಹೆಜ್ಜೆಗೂ ನೆಲ ಮುಟ್ಟಬೇಕು. ಕುಡಿಯುವ ನೀರಿನ 20 ಲೀಟರ್ ಕ್ಯಾನ್ ಎರಡನ್ನು ಮುಕ್ಕಾಲು ತುಂಬಿಸಿ ಹಿಡಿದು ನಡೆದರೆ ನಿಮ್ಮ 16ರ ಹತ್ತಿರ ಬರುತ್ತದೆ. ವಾಲ್ ಬಾಲ್ ಮಾತ್ರ ಕೊಂಡುಬಿಡಿ. ಫುಟ್‌ಬಾಲ್‌ಗೆ ಮರಳು ತುಂಬಿ ಎಸೆಯುವುದು ಮೂಗಿಗೆ ಅಪಾಯ. ಕೊನೆಯ ಎರಡು ತಿಂಗಳು ಹದಿನೈದು ದಿನಕ್ಕೊಮ್ಮೆ ಯಲಹಂಕ ಕಡೆ ಸ್ಲೆಡ್ ಇರುವ ಜಿಮ್ ಹುಡುಕಿ ಹೋಗಿ ಬನ್ನಿ.

ಎಲ್ಲಕ್ಕಿಂತ ಮುಖ್ಯವಾದದ್ದು ಸುಸ್ತಾದ ಕಾಲಿನಲ್ಲಿ ಓಡುವುದು. ನಂದಿ ಬೆಟ್ಟ ಹತ್ತಿ ಓಡಿದರೆ ಕಾಲು ಗಟ್ಟಿಯಾಗುತ್ತದೆ, ಬೇಡ ಅನ್ನುವುದಿಲ್ಲ. ಆದರೆ ಈ ರೇಸ್ ಕೇಳುವ ಕಷ್ಟ ಬೇರೆ. ಲಂಜಸ್ ಮುಗಿಸಿದ ಕೂಡಲೇ ಕಾಲು ಬೇರೆ ಯಾರದೋ ಅನ್ನಿಸುತ್ತದೆ, ಆ ಕಾಲಿನಲ್ಲಿ ಸಪಾಟು ನೆಲದ ಮೇಲೆ 1 ಕಿ.ಮೀ. ಓಡಬೇಕು. ವಾರಕ್ಕೊಂದು ದಿನ ನಿಮ್ಮೂರ ಸ್ಟೇಡಿಯಂನಲ್ಲಿ ಹೀಗೆ ಮಾಡಿ: 50 ಲಂಜಸ್, 1 ಕಿ.ಮೀ., 20 ಬರ್ಪಿ, 1 ಕಿ.ಮೀ. ನಾಲ್ಕು ಕಿ.ಮೀ.ನಿಂದ ಶುರು ಮಾಡಿ, ಮೂರು ತಿಂಗಳಲ್ಲಿ ಆರೇಳಕ್ಕೆ ಬನ್ನಿ. ಮೊದಲ ಕಿಲೋಮೀಟರ್ ನಿಮ್ಮ 10 ಕಿ.ಮೀ. ವೇಗಕ್ಕಿಂತ ನಿಧಾನವಾಗಿಯೇ ಇರಲಿ. ಜನರ ಕೂಗಿಗೆ ಎಲ್ಲರೂ ಅಲ್ಲೇ ಹಾಳಾಗುವುದು. ಇನ್ನೊಂದು, ಸುತ್ತುಗಳನ್ನು ನೀವೇ ಎಣಿಸಬೇಕು. ಒಂದು ಕಿಲೋಮೀಟರ್‌ಗೆ ಎಷ್ಟು ಸುತ್ತು ಅನ್ನುವುದು ಹಾಲ್ ಮೇಲೆ ಹೋಗುತ್ತದೆ. ಒಂದು ಸುತ್ತು ಕಮ್ಮಿ ಓಡಿದರೆ ಪೆನಾಲ್ಟಿ. ಗಣಿತ ಟೀಚರ್‌ಗೆ ನಾನು ಎಣಿಕೆ ಹೇಳಿಕೊಡುತ್ತಿದ್ದೇನೆ, ಆದರೆ ಐದನೇ ಓಟದ ಹೊತ್ತಿಗೆ ಮಗ್ಗಿಯೂ ಮರೆತುಹೋಗುತ್ತದೆ.

ದುಡ್ಡಿನ ವಿಷಯ. ಮೂರು ಜನ, ಆರು ದಿನ, ಸಿಂಗಾಪುರ. ಮೂರು ಲಕ್ಷದಲ್ಲಿ ಆಗುತ್ತದೆ, ಆದರೆ ಕೈ ಬಿಗಿ. ರೇಸ್ ಶುಲ್ಕವೇ ಹತ್ತು ಸಾವಿರ ದಾಟಬಹುದು. ಹೋಟೆಲ್ ಅಲ್ಲಿ ದುಬಾರಿ, ಅದರಲ್ಲೂ ರೇಸ್ ವಾರಾಂತ್ಯದಲ್ಲಿ. ನಿಮಗೊಂದು ಉಳಿತಾಯ ಇದೆ, ಚಿಕ್ಕಬಳ್ಳಾಪುರದಿಂದ ದೇವನಹಳ್ಳಿ ಏರ್‌ಪೋರ್ಟ್ ಮುಕ್ಕಾಲು ಗಂಟೆ. ನಾವು ತುಮಕೂರಿನವರು ಹಿಂದಿನ ರಾತ್ರಿಯೇ ಹೊರಡಬೇಕು. ಏಜೆಂಟರ ಪ್ಯಾಕೇಜ್ ತಗೊಂಡರೆ ಟಿಸಿಎಸ್ (ಮುಂಗಡವಾಗಿ ಹಿಡಿಯುವ ತೆರಿಗೆ) ಅಂತ ಒಂದಷ್ಟು ಹಿಡಿಯುತ್ತಾರೆ. ಅದು ಖರ್ಚಲ್ಲ, ರಿಟರ್ನ್ಸ್ ಹಾಕುವಾಗ ನಿಮ್ಮ ಟ್ಯಾಕ್ಸ್‌ಗೆ ಹೊಂದುತ್ತದೆ, ರಸೀದಿ ಇಟ್ಟುಕೊಳ್ಳಿ. ಕಾರ್ಡ್‌ನಲ್ಲಿ ವಿದೇಶದ ಬಳಕೆ ಆನ್ ಆಗಿದೆಯಾ ನೋಡಿ. 2020ರಲ್ಲಿ ರಿಸರ್ವ್ ಬ್ಯಾಂಕ್ ನಿಯಮ ಬಂದ ಮೇಲೆ ಹೊಸ ಕಾರ್ಡ್‌ಗಳಲ್ಲಿ ಅದು ನಾವು ಕೇಳುವವರೆಗೆ ಆಫ್ ಇರುತ್ತದೆ. ರೇಸ್ ಟಿಕೆಟ್ ಮಾರಾಟ ತೆರೆದ ಕ್ಷಣದಲ್ಲಿ ಕಾರ್ಡ್ ಒಪ್ಪದೆ ಟಿಕೆಟ್ ಕಳೆದುಕೊಂಡ ಇಬ್ಬರು ನನ್ನ ಶಿಷ್ಯರೇ ಇದ್ದಾರೆ. ಟ್ರಾವೆಲ್ ಇನ್ಶೂರೆನ್ಸ್ ಮಾಡಿಸುವಾಗ ಸ್ಪರ್ಧೆಯಲ್ಲಿ ಆದ ಗಾಯ ಸೇರುತ್ತದಾ ಅಂತ ಓದಿ. ಎಷ್ಟೋ ಪಾಲಿಸಿಗಳಲ್ಲಿ ಸೇರುವುದಿಲ್ಲ.

ನೀವು ಸರ್ಕಾರಿ ನೌಕರರು. ಹೊರದೇಶಕ್ಕೆ ಹೋಗಲು ಇಲಾಖೆಯ ಅನುಮತಿ ಮೊದಲೇ ಬೇಕು, ಬೇಸಿಗೆ ರಜೆಯಾದರೂ ಸರಿ. ಹೆಡ್‌ಮಾಸ್ಟರ್ ಮೂಲಕ ಅರ್ಜಿ ಮೇಲಕ್ಕೆ ಹೋಗಿ ಕೆಳಗೆ ಬರಲು ಎಷ್ಟು ದಿನ ಅಂತ ನಿಮಗೇ ಚೆನ್ನಾಗಿ ಗೊತ್ತು. ಪಾಸ್‌ಪೋರ್ಟ್‌ಗೂ ಇಲಾಖೆಗೆ ತಿಳಿಸಿದ ಪತ್ರ ಬೇಕಾಗುತ್ತದೆ. ಅತ್ತೆಯವರ ಪಾಸ್‌ಪೋರ್ಟ್ ಇಲ್ಲದಿದ್ದರೆ ಈ ವಾರವೇ ಹಾಕಿ. ಆಧಾರ್‌ನಲ್ಲಿ ಒಂದು ಹೆಸರು, ವೋಟರ್ ಕಾರ್ಡ್‌ನಲ್ಲಿ ಇನ್ನೊಂದು ಇರುವ ಹಿರಿಯರೇ ಜಾಸ್ತಿ, ಸರಿಪಡಿಸಲು ಸಮಯ ಹಿಡಿಯುತ್ತದೆ. ಹೋಗುವ ದಿನಕ್ಕೆ ಎಲ್ಲರ ಪಾಸ್‌ಪೋರ್ಟ್‌ಗೂ ಆರು ತಿಂಗಳ ಆಯಸ್ಸು ಉಳಿದಿರಬೇಕು. ಸಿಂಗಾಪುರದ ಅರೈವಲ್ ಕಾರ್ಡ್ ಕೊನೆಯ ಮೂರು ದಿನದಲ್ಲಿ ತುಂಬುವುದು, ಅದು ಪುಕ್ಕಟೆ. ದುಡ್ಡು ಕೇಳುವ ವೆಬ್‌ಸೈಟ್ ಸರ್ಕಾರದ್ದಲ್ಲ.

ರೇಸ್ ಶೂ, ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಲಿ. ನನ್ನ ಸೂಟ್‌ಕೇಸ್ ಒಂದು ಸಲ ಎರಡು ದಿನ ತಡವಾಗಿ ಬಂತು. ಮಾಲ್‌ನಲ್ಲಿ ಕೊಂಡ ಹೊಸ ಶೂನಲ್ಲಿ ರೇಸ್ ಮಾಡಿ ಎರಡು ಹೆಬ್ಬೆರಳ ಉಗುರು ಕಳೆದುಕೊಂಡೆ. ಪ್ರೋಟೀನ್ ಪುಡಿಯನ್ನು ಬರೀ ಪ್ಲಾಸ್ಟಿಕ್ ಕವರ್‌ಗೆ ಸುರಿದು ಒಯ್ಯಬೇಡಿ, ಲೇಬಲ್ ಇರುವ ಡಬ್ಬದಲ್ಲೇ ಇರಲಿ. ಅತ್ತೆಯವರ ಬಿಪಿ, ಶುಗರ್ ಮಾತ್ರೆಗೆ ಡಾಕ್ಟರ್ ಚೀಟಿ ಜೊತೆಗಿರಲಿ.

ರೇಸ್ ಮಾರನೇ ದಿನ ದೊಡ್ಡ ಪ್ಲ್ಯಾನ್ ಇಡಬೇಡಿ. ತೊಡೆ ನೋವು ಜಾಸ್ತಿ ಆಗುವುದು ರೇಸ್ ದಿನವಲ್ಲ, ಮರುದಿನ ಮತ್ತು ಅದರ ಮರುದಿನ. ಮೆಟ್ಟಿಲು ಇಳಿಯುವಾಗ ನೀವೂ ಅತ್ತೆಯವರೂ ಒಂದೇ ವೇಗದಲ್ಲಿ ಇರುತ್ತೀರಿ. ದೋಣಿ, ಬಸ್ಸು, ಗಾರ್ಡನ್, ಹೀಗೆ ಕೂತು ನೋಡುವುದನ್ನು ಅವತ್ತಿಗೆ ಇಡಿ.

ಕೊನೆಗೆ ಅತ್ತೆಯವರ ಬ್ಯಾಗ್ ಒಮ್ಮೆ ನೀವೇ ಬಿಚ್ಚಿ ನೋಡಿ. ದಾರಿಗೆ ಇರಲಿ ಅಂತ ಸಾರಿನ ಪುಡಿ, ಸಿಹಿ ಏನಾದರೂ ಕಟ್ಟಿಕೊಂಡೇ ಇರುತ್ತಾರೆ. ಅದರಲ್ಲಿ ಗಸಗಸೆ ಇದ್ದರೆ ತೆಗೆದಿಡಿ. ಸಿಂಗಾಪುರಕ್ಕೂ ದುಬೈಗೂ ಗಸಗಸೆ ಒಯ್ಯುವಂತಿಲ್ಲ, ಅಫೀಮಿನ ಗಿಡದ ಬೀಜ ಅಂತ ಅಲ್ಲಿ ಅದಕ್ಕೆ ನಿಷೇಧ. ಹೋಳಿಗೆ ಒಯ್ಯಬಹುದು.